ಸರಾಸರಿ ವೇಗ ಲೆಕ್ಕ ಮಾಡೋದು ಹೆಂಗೆ: ಅಡಿಕೆ ಅಂಗಳದಿಂದ ಸಿಗಂದೂರು ಸೇತುವೆ ತನಕ

ಮೊನ್ನೆ ಸಂಜೆ ಅಣ್ಣನ ಮಗಳು ಫಿಸಿಕ್ಸ್ ನೋಟ್‌ಬುಕ್ ಹಿಡ್ಕೊಂಡು ಬಂದು ಅಡುಗೆಮನೆ ಕಟ್ಟೆ ಮೇಲೆ ಕೂತ್ಲು. ಫಸ್ಟ್ ಪಿಯುಸಿ, ಹೈಸ್ಕೂಲ್ ತನಕ ಕನ್ನಡ ಮೀಡಿಯಂನಲ್ಲಿ ಓದಿದ ಕೂಸು. "ಅತ್ತೆ, ಇದನ್ನ ಎಂತಕ್ಕೆ ತಪ್ಪು ಹಾಕಿದಾರೆ, ಡಿಸ್ಟೆನ್ಸ್ ಬೈ ಟೈಮ್ ತಾನೆ ನಾನು ಮಾಡಿದ್ದು" ಅಂತು. ನೋಡಿದ್ರೆ ಪ್ರಶ್ನೆ ನಮ್ಮೂರಿನದ್ದೇ, ಶಿವಮೊಗ್ಗದಿಂದ ತೀರ್ಥಹಳ್ಳಿಗೆ ರಸ್ತೆ 60 ಕಿಮೀ, ನೇರ ಗೆರೆ ಎಳೆದ್ರೆ 45 ಕಿಮೀ, ಬಸ್ಸು 1 ಗಂಟೆ 30 ನಿಮಿಷ ತಗೊಂಡ್ರೆ ಸರಾಸರಿ ವೇಗ ಎಷ್ಟು ಅಂತ. ಇವಳು 60ನ್ನ 1.30ರಿಂದ ಭಾಗಿಸಿ 46.15 ಅಂತ ಬರೆದಿದಾಳೆ. ಒಂದೇ ಸಾಲಲ್ಲಿ ಎರಡು ತಪ್ಪು, ಮತ್ತೆ ಈ ಎರಡೂ ತಪ್ಪನ್ನ ನಾನು ಮನೆಗೆ ಪಾಠಕ್ಕೆ ಬರೋ ಮಕ್ಕಳ ಹತ್ರ ವರ್ಷಾ ವರ್ಷಾ ನೋಡ್ತೀನಿ. ಸೂತ್ರ ಎಲ್ರಿಗೂ ಬಾಯಿಪಾಠ ಬರುತ್ತೆ, ಸೂತ್ರದೊಳಗಿನ ಪದ ನೆಲದ ಮೇಲೆ ಯಾವುದು ಅಂತ ಯಾರೂ ತೋರ್ಸಿರಲ್ಲ, ಅಲ್ಲೇ ಎಡವೋದು. ಅವತ್ತು ಅವಳಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೀತಿದೀನಿ.

ಸೂತ್ರ ಇಷ್ಟೇ:

ಸರಾಸರಿ ವೇಗ = ಸ್ಥಾನಪಲ್ಲಟ ÷ ತಗೊಂಡ ಒಟ್ಟು ಸಮಯ

ಮೊದಲನೇ ತೊಡಕು ಭಾಷೆದೇ. ನಾವು ಮಾತಾಡುವಾಗ ಬಸ್ಸು ವೇಗವಾಗಿ ಹೋಯ್ತು ಅಂತೀವಲ್ಲ, ಆ ವೇಗ ಫಿಸಿಕ್ಸಿನ ವೇಗ ಅಲ್ಲ. ಮೀಟರ್ ಮುಳ್ಳು ತೋರ್ಸೋದಕ್ಕೆ ಕನ್ನಡ ಪಠ್ಯದಲ್ಲಿ ಜವ ಅಂತಾರೆ, ಇಂಗ್ಲಿಷಲ್ಲಿ ಸ್ಪೀಡ್. ವೇಗ ಅಂದ್ರೆ ವೆಲಾಸಿಟಿ, ಅದಕ್ಕೆ ಎಷ್ಟು ಅನ್ನೋದರ ಜೊತೆಗೆ ಯಾವ ಕಡೆಗೆ ಅನ್ನೋದೂ ಬೇಕು. ಹಂಗೇ ದೂರ ಬೇರೆ, ಸ್ಥಾನಪಲ್ಲಟ ಬೇರೆ. ದೂರ ಅಂದ್ರೆ ಚಕ್ರ ಉರುಳಿದ್ದು, ಕಾಲು ತುಳಿದಿದ್ದು, ಎಲ್ಲಾ ಸೇರಿಸಿ. ಸ್ಥಾನಪಲ್ಲಟ ಅಂದ್ರೆ ಹೊರಟ ಜಾಗದಿಂದ ಮುಟ್ಟಿದ ಜಾಗಕ್ಕೆ ಎಳೆದ ನೇರ ಗೆರೆ, ಅದರ ಉದ್ದ ಮತ್ತು ದಿಕ್ಕು. ನನಗಂತೂ ಡಿಸ್‌ಪ್ಲೇಸ್‌ಮೆಂಟ್ ಅನ್ನೋದಕ್ಕಿಂತ ಈ ಕನ್ನಡ ಪದವೇ ಇಷ್ಟ, ಯಾಕಂದ್ರೆ ಪದದೊಳಗೇ ಅರ್ಥ ಇದೆ, ಸ್ಥಾನ ಎಷ್ಟು ಪಲ್ಲಟ ಆಯ್ತು ಅಷ್ಟೇ ಕೇಳ್ತಿರೋದು, ಮಧ್ಯೆ ಎಲ್ಲೆಲ್ಲಿ ಸುತ್ತಿ ಬಂದ್ರಿ ಅಂತ ಕೇಳ್ತಾನೇ ಇಲ್ಲ.

ಹಂಗಾಗಿ ನಾನು ಮಕ್ಕಳಿಗೆ ಹೇಳೋದು ಒಂದೇ, ಲೆಕ್ಕ ಕೈಗೆತ್ತಿಕೊಂಡ ಕೂಡ್ಲೆ ಯಾವ ಸಂಖ್ಯೆಯನ್ನೂ ಮುಟ್ಟಬೇಡಿ, ಮೊದಲು ಹಾಳೆ ಮೇಲೆ ಎರಡು ಚುಕ್ಕಿ ಇಡಿ. ಒಂದು ಹೊರಟಿದ್ದು, ಒಂದು ಮುಟ್ಟಿದ್ದು. ಹೊರಟ ಚುಕ್ಕಿಯಿಂದ ಮುಟ್ಟಿದ ಚುಕ್ಕಿಗೆ ಬಾಣ ಹಾಕಿ. ಆಮೇಲೆ ಪ್ರಶ್ನೆಯಲ್ಲಿ ಕೊಟ್ಟಿರೋ ಸಂಖ್ಯೆಗಳಲ್ಲಿ ಈ ಬಾಣದ ಉದ್ದ ಯಾವುದು ಅಂತ ಹುಡುಕಿ.

ಇದು ಎಷ್ಟು ದೊಡ್ಡ ವ್ಯತ್ಯಾಸ ಅಂತ ತಿಳಿಬೇಕಂದ್ರೆ ಶರಾವತಿ ಹಿನ್ನೀರಿಗೆ ಹೋಗಿ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆದ್ಮೇಲೆ ತುಮರಿ, ಸಿಗಂದೂರು ಕಡೆಯವ್ರಿಗೆ ಸಾಗರ ಪೇಟೆ ನೀರಿನ ಆಚೆಗಾಯ್ತು, ಆರು ದಶಕ ಲಾಂಚೇ ಗತಿ. 2025ರ ಜುಲೈನಲ್ಲಿ ಅಂಬಾರಗೊಡ್ಲು ಕಳಸವಳ್ಳಿ ಸೇತುವೆ ಶುರುವಾಯ್ತು, ಉದ್ದ 2.44 ಕಿಮೀ. ಈಗ ಲೆಕ್ಕ ನೋಡಿ. ಈ ದಡದಿಂದ ಆ ದಡಕ್ಕೆ ಸ್ಥಾನಪಲ್ಲಟ 2.44 ಕಿಮೀ ಅಂತಿಟ್ಕೊಳಿ. ಸೇತುವೆ ಮೇಲೆ ಬೈಕಲ್ಲಿ 4 ನಿಮಿಷಕ್ಕೆ ದಾಟಿದ್ರೆ, 2.44 ÷ 4 = ನಿಮಿಷಕ್ಕೆ 0.61 ಕಿಮೀ, ಗಂಟೆಗೆ 36.6 ಕಿಮೀ. ಲಾಂಚ್ ತಪ್ಪಿಹೋಗಿ ರಸ್ತೆ ಮೇಲೆ ಸುತ್ತು ಹಾಕಿ ಹೋಗಬೇಕಾಯ್ತು, ಲೆಕ್ಕಕ್ಕೆ 80 ಕಿಮೀ, 2 ಗಂಟೆ ಅಂತಿಟ್ಕೊಂಡ್ರೆ? ಜವ ಗಂಟೆಗೆ 40 ಕಿಮೀ, ಸೇತುವೆ ಮೇಲೆ ಹೋದವನಿಗಿಂತ ಜಾಸ್ತಿನೇ. ಆದ್ರೆ ವೇಗ?

2.44 ÷ 2 = ಗಂಟೆಗೆ 1.22 ಕಿಮೀ

ಅಂದ್ರೆ ನಿಧಾನಕ್ಕೆ ನಡ್ಕೊಂಡು ಹೋಗೋರಿಗಿಂತ ಕಮ್ಮಿ. ಗಾಡಿ 40ರಲ್ಲಿ ಓಡ್ತಾನೇ ಇತ್ತು, ಆದ್ರೆ ಆ ದಡ ಅನ್ನೋ ಜಾಗದ ಕಡೆಗೆ ಅವನು ಸರಿದಿದ್ದು ಗಂಟೆಗೆ ಒಂದೂ ಕಾಲು ಕಿಲೋಮೀಟರ್ ಲೆಕ್ಕದಲ್ಲಿ. ಆಸ್ಪತ್ರೆಗೆ ಹೋಗಬೇಕಾದವರಿಗೆ ಲೆಕ್ಕಕ್ಕೆ ಬರೋದು ಈ ಎರಡನೇ ಸಂಖ್ಯೆ. ಆ ಭಾಗದ ಜನ ಸೇತುವೆ ಬೇಕು ಅಂತ ಅಷ್ಟು ವರ್ಷ ಕೇಳಿದ್ದು ಯಾಕೆ ಅಂತ ಈ ಒಂದು ಭಾಗಾಕಾರ ಹೇಳುತ್ತೆ, ನಾನು ಇದನ್ನ ಬೋರ್ಡ್ ಮೇಲೆ ಬರೆದಾಗೆಲ್ಲ ಮಕ್ಕಳು ಒಂದು ಕ್ಷಣ ಸುಮ್ನಾಗ್ತಾರೆ.

ಈಗ ಅಂಗಳಕ್ಕೆ ಬನ್ನಿ. ಅವತ್ತು ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿತ್ತು, ತುಳಿಯೋ ಹಾಗಿಲ್ಲ, ಅಂಚಲ್ಲೇ ನಡೀಬೇಕು. ತುಳಸಿಕಟ್ಟೆ ಹತ್ರ ರಂಗೋಲಿ ಪುಡಿಯಲ್ಲಿ ಒಂದು ಚುಕ್ಕಿ, ಅದು ಮೂಲಬಿಂದು. ಅಲ್ಲಿಂದ ಪೂರ್ವಕ್ಕೆ ಟೇಪ್ ಹಿಡಿದು ಅಳೆದ್ರೆ ಅಂಗಳದ ಮೂಲೆ 12 ಮೀಟರ್, ಅಲ್ಲಿಂದ ಉತ್ತರಕ್ಕೆ ತಿರುಗಿದ್ರೆ ಕೊಟ್ಟಿಗೆ ಬಾಗಿಲು 5 ಮೀಟರ್. ಕೂಸಿಗೆ ನಡಿ ಅಂದೆ, ಮೊಬೈಲಲ್ಲಿ ಸ್ಟಾಪ್‌ವಾಚ್ ಒತ್ತಿದೆ. ಪೂರ್ವಕ್ಕೆ 14 ಸೆಕೆಂಡ್, ಮೂಲೆಯಲ್ಲಿ ಅಡಿಕೆ ಕೆದಕ್ತಿದ್ದ ಕೋಳಿ ಓಡ್ಸೋಕೆ ನಿಂತಿದ್ದು 6 ಸೆಕೆಂಡ್, ಆಮೇಲೆ ಉತ್ತರಕ್ಕೆ 6 ಸೆಕೆಂಡ್. ಕೋಳಿ ಓಡಿಸುವಾಗ "ಅತ್ತೆ ವಾಚ್ ನಿಲ್ಸಿ" ಅಂತ ಕೂಗಿದ್ಲು. ನಿಲ್ಲಿಸ್ಲಿಲ್ಲ. ಸರಾಸರಿ ಲೆಕ್ಕದಲ್ಲಿ ನಿಂತ ಸಮಯವೂ ಸಮಯವೇ, ಹೊರಟ ಕ್ಷಣಕ್ಕೂ ಮುಟ್ಟಿದ ಕ್ಷಣಕ್ಕೂ ನಡುವೆ ಗಡಿಯಾರ ಎಷ್ಟು ಓಡ್ತೋ ಅಷ್ಟೂ ಸೇರಿಸಬೇಕು. ಒಟ್ಟು 26 ಸೆಕೆಂಡ್.

ಆಮೇಲೆ ನಾನು ಈ ಕಡೆ, ಅವಳು ಆ ಕಡೆ ನಿಂತು ತುಳಸಿಕಟ್ಟೆಯ ಚುಕ್ಕಿಯಿಂದ ಕೊಟ್ಟಿಗೆ ಬಾಗಿಲಿಗೆ ಅಡಿಕೆ ಮೇಲಿಂದಲೇ ಒಂದು ದಾರ ಎಳೆದು ಹಿಡಿದ್ವಿ. ಆ ದಾರವೇ ಸ್ಥಾನಪಲ್ಲಟ. ಟೇಪ್ ಹಿಡಿದ್ರೆ ಸರಿಯಾಗಿ 13 ಮೀಟರ್ ಬಂತು, ಬರ್ಲೇಬೇಕು, ಪೈಥಾಗೊರಸ್ ಇದೆಯಲ್ಲ, 12ರ ವರ್ಗ 144, 5ರ ವರ್ಗ 25, ಕೂಡಿದ್ರೆ 169, ವರ್ಗಮೂಲ 13. ಈಗ,

ಸರಾಸರಿ ಜವ = 17 ÷ 26 = ಸೆಕೆಂಡಿಗೆ 0.65 ಮೀಟರ್
ಸರಾಸರಿ ವೇಗ = 13 ÷ 26 = ಸೆಕೆಂಡಿಗೆ 0.5 ಮೀಟರ್, ದಾರದ ದಿಕ್ಕಿನಲ್ಲಿ

ದಾರದ ದಿಕ್ಕು ಅಂದ್ರೆ ಪೂರ್ವದಿಂದ ಉತ್ತರಕ್ಕೆ ಸುಮಾರು 22.6 ಡಿಗ್ರಿ, ಟ್ಯಾನ್ ಬೆಲೆ 5/12 ಇಟ್ಟು ತೆಗೀಬಹುದು. ದಿಕ್ಕು ಬರೀದೆ ಬರೀ 0.5 ಅಂತ ಬಿಟ್ರೆ ಅದು ಅರ್ಧ ಉತ್ತರ. ಆ ದಾರ ಹಿಡ್ಕೊಂಡು ನಿಂತಾಗ ಅವಳ ಮುಖ ನೋಡಬೇಕಿತ್ತು, "ಓ, ನಾನು ಈ ದಾರದ ಮೇಲೆ ನಡೀಲೇ ಇಲ್ಲ, ಆದ್ರೂ ಲೆಕ್ಕ ಇದರದ್ದೇ" ಅಂದ್ಲು. ಅದೇ ಬೇಕಾಗಿದ್ದು. ಮನೇಲಿ ಮಕ್ಕಳಿದ್ರೆ ದಯವಿಟ್ಟು ಇದನ್ನೊಂದು ಸಲ ಮಾಡ್ಸಿ, ಹತ್ತು ನಿಮಿಷದ ಕೆಲ್ಸ, ಪುಸ್ತಕದಲ್ಲಿ ಹತ್ತು ಸಲ ಓದಿದ್ರೂ ಹತ್ತದೇ ಇರೋದು ಆ ದಾರ ಕೈಯಲ್ಲಿ ಹಿಡಿದಾಗ ತಲೆಗೆ ಹತ್ತುತ್ತೆ.

ಇನ್ನು ಸಮಯದ ತಪ್ಪು. 1 ಗಂಟೆ 30 ನಿಮಿಷ ಅಂದ್ರೆ 1.30 ಗಂಟೆ ಅಲ್ಲ, 1.5 ಗಂಟೆ. ಗಂಟೆಗೆ ಇರೋದು 60 ನಿಮಿಷ, 100 ಅಲ್ಲ. ನಿಮಿಷವನ್ನ 60ರಿಂದ ಭಾಗಿಸಿ ಆಮೇಲೆ ಗಂಟೆಗೆ ಕೂಡಿಸಿ. 45 ನಿಮಿಷ ಅಂದ್ರೆ 0.75, 20 ನಿಮಿಷ ಅಂದ್ರೆ 0.33, 12 ನಿಮಿಷ ಅಂದ್ರೆ 0.2. ಬಸ್ಸು 9:50ಕ್ಕೆ ಹೊರಟು 11:20ಕ್ಕೆ ಮುಟ್ಟಿತು ಅಂತ ಕೊಟ್ರೆ 11.20ರಲ್ಲಿ 9.50 ಕಳೆದು 1.70 ಅಂತ ಬರಿಯೋರೂ ಇದಾರೆ, ಹಂಗೆ ಕಳೀಬೇಡಿ, ಬೆರಳು ಮಡಿಸಿ ಎಣಿಸಿ, 9:50ರಿಂದ 10:50ಕ್ಕೆ ಒಂದು ಗಂಟೆ, ಅಲ್ಲಿಂದ 11:20ಕ್ಕೆ ಅರ್ಧ ಗಂಟೆ. ಕಷ್ಟ ಅನ್ಸಿದ್ರೆ ಎಲ್ಲಾ ನಿಮಿಷಕ್ಕೆ ತಂದ್ಬಿಡಿ, 90 ನಿಮಿಷ.

ಹಾಗಾದ್ರೆ ಅವಳ ಲೆಕ್ಕದ ಸರಿ ಉತ್ತರ:

45 ÷ 1.5 = ಗಂಟೆಗೆ 30 ಕಿಮೀ, ನೈಋತ್ಯ ದಿಕ್ಕಿಗೆ

60ನ್ನ 1.5ರಿಂದ ಭಾಗಿಸಿದ್ರೆ ಬರೋ 40 ತಪ್ಪು ಸಂಖ್ಯೆ ಅಲ್ಲ, ಅದು ಸರಾಸರಿ ಜವ, ಬೇರೆ ಪ್ರಶ್ನೆಗೆ ಉತ್ತರ. ಇಲ್ಲೊಂದು ಚೆಕ್ ಸಿಗುತ್ತೆ, ನೇರ ಗೆರೆಗಿಂತ ಚಿಕ್ಕ ದಾರಿ ಇರೋಕೆ ಸಾಧ್ಯ ಇಲ್ಲ, ಹಾಗಾಗಿ ಸರಾಸರಿ ವೇಗದ ಪರಿಮಾಣ ಸರಾಸರಿ ಜವಕ್ಕಿಂತ ಯಾವತ್ತೂ ಜಾಸ್ತಿ ಬರಲ್ಲ, ಹೆಚ್ಚೆಂದ್ರೆ ಸಮ. ಜಾಸ್ತಿ ಬಂತಾ, ಎಲ್ಲೋ ತಪ್ಪಾಗಿದೆ, ವಾಪಸ್ ಹೋಗಿ ನೋಡಿ. ನೇರ ದೂರ ಕೊಟ್ಟಿಲ್ಲ, ನಿಮ್ಮೂರಿಂದ ನೀವೇ ಲೆಕ್ಕ ಮಾಡಬೇಕು ಅಂದ್ರೆ ಗೂಗಲ್ ಮ್ಯಾಪ್ ತೆಗೆದು ಹೊರಡೋ ಜಾಗದ ಮೇಲೆ ಬೆರಳು ಒತ್ತಿ ಹಿಡೀರಿ, ಬರೋ ಆಯ್ಕೆಗಳಲ್ಲಿ ಮೆಶರ್ ಡಿಸ್ಟೆನ್ಸ್ ಅಂತ ಇರುತ್ತೆ, ಅದನ್ನ ಒತ್ತಿ ಮ್ಯಾಪನ್ನ ಮುಟ್ಟೋ ಜಾಗಕ್ಕೆ ಸರಿಸಿದ್ರೆ ನೇರ ಗೆರೆ ಉದ್ದ ತೋರಿಸುತ್ತೆ. ಆಗುಂಬೆ ಘಾಟಿಗೆ ಮಾಡಿ ನೋಡಿ, ಮೇಲಿನ ತುದಿಯಿಂದ ಕೆಳಗಿನ ಸೋಮೇಶ್ವರಕ್ಕೆ, 14 ತಿರುವು ಇರೋ ದಾರಿಗೂ ಆ ನೇರ ಗೆರೆಗೂ ಇರೋ ಅಂತರ ನೋಡಿದ್ರೆ ಬೇರೆ ಪಾಠವೇ ಬೇಡ.

ಅದೇ ಬಸ್ಸಿನಲ್ಲಿ ಇನ್ನೊಂದು ತಪ್ಪು ಅಡಗಿ ಕೂತಿದೆ. ಶಿವಮೊಗ್ಗದಿಂದ ಮಂಡಗದ್ದೆ ತನಕ 30 ಕಿಮೀ, ಅಲ್ಲಿಂದ ತೀರ್ಥಹಳ್ಳಿಗೆ ಇನ್ನೊಂದು 30. ಮೊದಲ ಅರ್ಧ ದಾರಿ ಗಂಟೆಗೆ 60 ಕಿಮೀ ಜವದಲ್ಲಿ ಹೋಯ್ತು, ಎರಡನೇ ಅರ್ಧ ದಾರಿ ಮಳೆ, ತಿರುವು, ಕೈ ಮಾಡಿದಲ್ಲೆಲ್ಲ ನಿಲ್ಸೋದು, ಎಲ್ಲಾ ಸೇರಿ ಗಂಟೆಗೆ 30ರ ಲೆಕ್ಕ ಬಿತ್ತು. ಸರಾಸರಿ ಜವ ಎಷ್ಟು ಅಂದ್ರೆ ಹತ್ತರಲ್ಲಿ ಎಂಟು ಮಕ್ಕಳು 60 ಮತ್ತು 30 ಕೂಡಿ ಎರಡರಿಂದ ಭಾಗಿಸಿ 45 ಅಂತಾರೆ. ಅಲ್ಲ. ಮೊದಲ 30 ಕಿಮೀಗೆ ಅರ್ಧ ಗಂಟೆ, ಎರಡನೇದಕ್ಕೆ ಒಂದು ಗಂಟೆ, ಒಟ್ಟು 60 ಕಿಮೀಗೆ ಒಂದೂವರೆ ಗಂಟೆ, ಹಾಗಾಗಿ 40. ನಿಧಾನಕ್ಕೆ ಹೋಗಿದ್ದ ಭಾಗದಲ್ಲಿ ಬಸ್ಸು ಜಾಸ್ತಿ ಹೊತ್ತು ಇತ್ತು, ಅದರ ತೂಕ ಜಾಸ್ತಿ. ವೇಗಕ್ಕೂ ಇದೇ ಮಾತು, ಬೇರೆ ಬೇರೆ ತುಂಡಿನ ವೇಗ ಕೂಡಿ ಎರಡರಿಂದ ಭಾಗಿಸೋಕೆ ಹೋಗಬೇಡಿ, ಒಟ್ಟು ಸ್ಥಾನಪಲ್ಲಟ, ಒಟ್ಟು ಸಮಯ, ಒಂದೇ ಭಾಗಾಕಾರ.

ಮೈನಸ್ ಚಿಹ್ನೆ ಬಂದ್ರೆ ಹೆದರ್ತಾರೆ, ಅದಕ್ಕೆ ನಾನು ಕೊನೆಗಾರನ, ಅಂದ್ರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯೋನ ಲೆಕ್ಕ ಕೊಡ್ತೀನಿ. ಕಾಲಿಗೆ ತಳೆ (ಮರ ಹತ್ತೋಕೆ ಹಾಕೋ ಬಳೆ) ಹಾಕ್ಕೊಂಡು 15 ಮೀಟರ್ ಅಡಿಕೆ ಮರ 40 ಸೆಕೆಂಡಿಗೆ ಹತ್ತಿದ, ಮೇಲೆ ಗೊನೆ ಕೊಯ್ಯೋಕೆ 85 ಸೆಕೆಂಡ್, 15 ಸೆಕೆಂಡಿಗೆ ಜಾರಿ ಬುಡಕ್ಕೆ ಬಂದ. ಮೇಲ್ಮುಖ ಪ್ಲಸ್ ಅಂತ ಮೊದಲೇ ಬರ್ಕೊಂಡ್ಬಿಡಿ, ಕೆಳಮುಖ ತಾನಾಗೇ ಮೈನಸ್. ಹತ್ತುವಾಗ ವೇಗ 15 ÷ 40 = ಸೆಕೆಂಡಿಗೆ +0.375 ಮೀಟರ್. ಇಳಿಯುವಾಗ ಕೊನೆ ಸ್ಥಾನ 0, ಮೊದಲ ಸ್ಥಾನ 15, ಕೊನೆದ್ರಲ್ಲಿ ಮೊದಲಿನದ್ದು ಕಳೆದ್ರೆ −15, ಅದನ್ನ 15ರಿಂದ ಭಾಗಿಸಿದ್ರೆ ಸೆಕೆಂಡಿಗೆ −1 ಮೀಟರ್. ಈ ಕ್ರಮ ಯಾವಾಗ್ಲೂ ಹಿಂಗೇ, ಮುಟ್ಟಿದ ಸ್ಥಾನದಲ್ಲಿ ಹೊರಟ ಸ್ಥಾನ ಕಳೀಬೇಕು, ಉಲ್ಟಾ ಮಾಡಿದ್ರೆ ದಿಕ್ಕೇ ಉಲ್ಟಾ ಆಗುತ್ತೆ. ಮೈನಸ್ ಅಂದ್ರೆ ಕಮ್ಮಿ ಅಂತಲ್ಲ, ಆ ಕಡೆಗೆ ಅಂತ. ನೋಡಿ, ಇಳಿದಿದ್ದು ಹತ್ತಿದ್ದಕ್ಕಿಂತ ಜೋರಾಗೇ ಇದೆ.

ಇನ್ನು ಪೂರ್ತಿ 140 ಸೆಕೆಂಡಿಗೆ ಸರಾಸರಿ ವೇಗ? ಬುಡದಿಂದ ಹೊರಟ, ಬುಡಕ್ಕೇ ಬಂದ, ಸ್ಥಾನಪಲ್ಲಟ ಸೊನ್ನೆ, ವೇಗವೂ ಸೊನ್ನೆ. ಸರಾಸರಿ ಜವ ಮಾತ್ರ 30 ÷ 140, ಹತ್ತತ್ರ ಸೆಕೆಂಡಿಗೆ 0.21 ಮೀಟರ್. ಒಬ್ಬ ಹುಡುಗ ಇದಕ್ಕೆ ಬೇಜಾರಾಗಿ ಕೇಳಿದ್ದ, "ಅಷ್ಟು ಕಷ್ಟಪಟ್ಟು ಹತ್ತಿ ಇಳಿದ್ರೂ ಸೊನ್ನೆನಾ ಮೇಡಂ" ಅಂತ. ಅವನ ಅಪ್ಪ ಕೊನೆಗಾರ. ಕೆಲಸ ಸೊನ್ನೆ ಅಂತ ಯಾರೂ ಹೇಳ್ತಿಲ್ಲ ಮಾರಾಯ, ಅವನ ಜಾಗ ಮೊದಲಿಗೂ ಕೊನೆಗೂ ಒಂದೇ ಅಂತ ಮಾತ್ರ ಈ ಸಂಖ್ಯೆ ಹೇಳ್ತಿರೋದು, ಪಟ್ಟ ಪಾಡನ್ನ ಅಳೆಯೋಕೆ ಇದು ಅಳತೆಗೋಲೇ ಅಲ್ಲ ಅಂದೆ. ಪ್ರಶ್ನೆ ಚೆನ್ನಾಗಿತ್ತು, ಸೂತ್ರ ಏನನ್ನ ಹೇಳಲ್ಲ ಅಂತ ತಿಳ್ಕೊಳೋದೂ ಮುಖ್ಯವೇ.

ಏಕಮಾನದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಗಂಟೆಗೆ ಕಿಮೀ ಇದ್ದಿದ್ದನ್ನ ಸೆಕೆಂಡಿಗೆ ಮೀಟರ್ ಮಾಡೋಕೆ 5/18ರಿಂದ ಗುಣಿಸಿ, ಯಾಕಂದ್ರೆ 1000 ಮೀಟರ್, 3600 ಸೆಕೆಂಡ್, ಅದೇ ಚಿಕ್ಕದಾಗಿ 5/18. ಬಸ್ಸಿನ 30 ಅಂದ್ರೆ 8.33. ವಾಪಸ್ ಬರೋಕೆ 18/5. ಮೇಲೆ ಕಿಮೀ, ಕೆಳಗೆ ಸೆಕೆಂಡ್ ಅಂತ ಬೆರಕೆ ಮಾಡಬೇಡಿ ಅಷ್ಟೆ.

ಪಿಯುಸಿಯಲ್ಲಿ ಇನ್ನೊಂದು ಸೂತ್ರ ಬರುತ್ತೆ, ಆರಂಭದ ವೇಗ ಮತ್ತು ಕೊನೆಯ ವೇಗ ಕೂಡಿ ಎರಡರಿಂದ ಭಾಗಿಸೋದು. ಈಗಷ್ಟೇ ಹಂಗೆ ಮಾಡಬೇಡಿ ಅಂದ್ರಲ್ಲ ಅಂತ ಕೇಳ್ತೀರಿ. ಇದು ನಡಿಯೋದು ವೇಗೋತ್ಕರ್ಷ, ಅಂದ್ರೆ ವೇಗ ಬದಲಾಗೋ ದರ, ಒಂದೇ ಸಮ ಇದ್ದಾಗ ಮಾತ್ರ. ಜೋಗಕ್ಕೆ ಹೋಗಣ. ಬೀಳೋ ಎತ್ತರ 253 ಮೀಟರ್. ರಾಜ ಅನ್ನೋ ಧಾರೆಯ ತುದಿಯಿಂದ ಒಂದು ಹನಿ, ಗಾಳಿ ಇಲ್ಲ ಅಂತಿಟ್ಕೊಂಡು, ಬಿಟ್ಟಾಗ ವೇಗ 0, ಗುರುತ್ವ 9.8. ಎರಡು ಸಲ 253 ಅಂದ್ರೆ 506, ಅದನ್ನ 9.8ರಿಂದ ಭಾಗಿಸಿ ವರ್ಗಮೂಲ ತೆಗೆದ್ರೆ ಬೀಳೋಕೆ ಸುಮಾರು 7.19 ಸೆಕೆಂಡ್. ನಮ್ಮ ಹಳೇ ದಾರಿಯಲ್ಲೇ 253 ÷ 7.19 = ಸೆಕೆಂಡಿಗೆ 35.2 ಮೀಟರ್, ಕೆಳಮುಖ. ಈಗ ಇನ್ನೊಂದು ದಾರಿ, ತಳ ಮುಟ್ಟುವಾಗ ವೇಗ 9.8 × 7.19, ಹತ್ತತ್ರ 70.4, ಸೊನ್ನೆ ಮತ್ತು 70.4ರ ಅರ್ಧ ಮತ್ತೆ 35.2. ಎರಡೂ ದಾರಿ ಒಂದೇ ಕಡೆ ಬಂದು ಸೇರಿದ್ವು. ನಿಜವಾದ ಜೋಗದಲ್ಲಿ ಗಾಳಿ ತಡೆಯುತ್ತೆ, ನೀರು ಒಡೆದು ಮಂಜಿನ ಥರ ಹರಡುತ್ತೆ, ವೇಗೋತ್ಕರ್ಷ ಒಂದೇ ಸಮ ಇರಲ್ಲ, ಅಲ್ಲಿ ಈ ಅರ್ಧದ ಸೂತ್ರ ಕೆಲ್ಸಕ್ಕೆ ಬರಲ್ಲ, ಆದ್ರೆ ಸ್ಥಾನಪಲ್ಲಟ ಭಾಗಿಸು ಸಮಯ ಅನ್ನೋದು ಅಲ್ಲೂ ನಡಿಯುತ್ತೆ, ಅದಕ್ಕೆ ಯಾವ ಷರತ್ತೂ ಇಲ್ಲ. ಹಾಗಾಗಿ ಪರೀಕ್ಷೇಲಿ ಗಾಬರಿ ಆದ್ರೆ ಹಳೇದನ್ನೇ ಹಿಡ್ಕೊಳಿ.

ಗ್ರಾಫ್ ಕೊಟ್ಟಿದ್ರೆ, ಅಡ್ಡಕ್ಕೆ ಸಮಯ, ಉದ್ದಕ್ಕೆ ಸ್ಥಾನ ಇರುತ್ತೆ. ಕೇಳಿದ ಎರಡು ಕ್ಷಣಕ್ಕೆ ಗೆರೆ ಮೇಲೆ ಎರಡು ಚುಕ್ಕಿ ಇಟ್ಟು ಸ್ಕೇಲ್ ಹಿಡಿದು ಜೋಡಿಸಿ, ಆ ನೇರ ಗೆರೆಯ ಇಳಿಜಾರೇ ಸರಾಸರಿ ವೇಗ. ಮಧ್ಯೆ ಗ್ರಾಫು ಎಷ್ಟು ಡೊಂಕಾಗಿದ್ರೂ ತಲೆ ಕೆಡಿಸ್ಕೊಬೇಡಿ, ಅಂಗಳದ ದಾರ ಇದ್ದ ಹಾಗೇ ಇದು.

ಕೊನೆಗೆ ಅಣ್ಣನ ಮಗಳಿಗೆ ನಾನೇ ಒಂದು ಲೆಕ್ಕ ಮಾಡಿಕೊಟ್ಟೆ, ನೀವೂ ಮಾಡಿ ನೋಡಿ. ಹಳ್ಳದ ಈಚೆ ಮನೆ, ಆಚೆ ಶಾಲೆ, ಪೂರ್ವಕ್ಕೆ ನೇರ 300 ಮೀಟರ್. ಬೇಸಿಗೇಲಿ ಸಂಕ, ಅಂದ್ರೆ ಕಾಲುಸೇತುವೆ, ದಾಟಿ ನೆಟ್ಟಗೆ ಹೋದ್ರೆ 5 ನಿಮಿಷ. ಮಳೆಗಾಲದಲ್ಲಿ ಸಂಕ ಕೊಚ್ಚಿಹೋಗಿ ಮೇಲಿನ ಮೋರಿ ಸುತ್ತಿ ಹೋಗ್ಬೇಕು, 1500 ಮೀಟರ್, 25 ನಿಮಿಷ. ಎರಡೂ ಸಲ ಸರಾಸರಿ ಜವ, ಸರಾಸರಿ ವೇಗ ಎಷ್ಟು?

ಅವಳು ಮೊದಲು ಎರಡು ಚುಕ್ಕಿ ಇಟ್ಲು, ಮನೆ, ಶಾಲೆ. ಬಾಣ ಎಳೆದ್ಲು, ಪಕ್ಕದಲ್ಲಿ ಪೂರ್ವ ಅಂತ ಬರೆದ್ಲು. 5 ನಿಮಿಷಕ್ಕೆ 300 ಸೆಕೆಂಡ್, 25 ನಿಮಿಷಕ್ಕೆ 1500 ಸೆಕೆಂಡ್ ಅಂತ ಮಾಡ್ಕೊಂಡ್ಲು. ಬೇಸಿಗೇಲಿ ಜವ 1, ವೇಗ 1. ಮಳೆಗಾಲದಲ್ಲಿ ಜವ 1500 ÷ 1500, ಅದೂ 1. ಅಲ್ಲಿ ಪೆನ್ನು ನಿಲ್ಲಿಸಿ ಬಾಣ ನೋಡಿದ್ಲು, ಆಮೇಲೆ ಕೆಳಗೆ ಬರೆದ್ಲು, ವೇಗ 300 ÷ 1500 = ಸೆಕೆಂಡಿಗೆ 0.2 ಮೀಟರ್, ಪೂರ್ವಕ್ಕೆ. "ಅತ್ತೆ, ಅವ್ರು ನಡಿಗೆ ಒಂಚೂರೂ ನಿಧಾನ ಮಾಡ್ಲಿಲ್ಲ, ಸಂಕ ಇರ್ಲಿಲ್ಲ ಅಷ್ಟೆ" ಅಂದ್ಲು.